ಅತ್ತೆಯ ಹೊಟ್ಟೆ, ಕಾರಿನ ಬ್ಯಾಟರಿ

ಹೋದ ಭಾನುವಾರ ಕಾರು ತೊಳೆಯುತ್ತಾ ಮುಂದಿನ ಬಾಗಿಲಿನ ಖಾನೆಗೆ ಕೈ ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ಪ್ಲಾಸ್ಟಿಕ್ ಕವರುಗಳು. ಒಂದೊಂದನ್ನೂ ಬೀಡಾ ಕಟ್ಟಿದ ಹಾಗೆ ಮುಕ್ಕೋನವಾಗಿ ಮಡಚಿ, ಎಲ್ಲವನ್ನೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿತ್ತು. ಇಷ್ಟು ಶಿಸ್ತಾಗಿ ಕವರು ಮಡಚುವವರು ನಮ್ಮ ಮನೆಯಲ್ಲಿ ಒಬ್ಬರೇ, ನಮ್ಮತ್ತೆ ಗಂಗಮ್ಮ. ತರಕಾರಿ ತರುವುದಕ್ಕೆ ಅಂದುಕೊಂಡಿರಾ? ಅಲ್ಲ, ವಾಂತಿಗೆ. ಒದ್ದೆ ಕೈಯಲ್ಲಿ ಆ ಕಟ್ಟು ಹಿಡಿದು ನಗುತ್ತಾ ನಿಂತವಳಿಗೆ, ಪೈಪಿನ ನೀರು ಗೇಟು ದಾಟಿ ಪಕ್ಕದ ಮನೆಯ ರಂಗೋಲಿ ಅಳಿಸುತ್ತಿದ್ದದ್ದು ಕಾಣಲೇ ಇಲ್ಲ. ಆಮೇಲೆ ಆ ಮನೆಯಾಕೆಯ ಕೈಲಿ ಚೆನ್ನಾಗಿ ಅನ್ನಿಸಿಕೊಂಡೆ.

ನಮ್ಮತ್ತೆಗೆ ಗಾಡಿ ಆಗಿಬರುವುದಿಲ್ಲ. ಬಸ್ಸು, ಜೀಪು, ಟೆಂಪೊ, ಆಟೊ ಯಾವುದಾದರೂ ಸರಿ, ಊರಾಚೆಯ ಪೆಟ್ರೋಲ್ ಬಂಕ್ ದಾಟುವುದರೊಳಗೆ ಹೊಟ್ಟೆ ತೊಳೆಸುವುದಕ್ಕೆ ಶುರುವಾಗುತ್ತಿತ್ತು. ಮದುವೆಯಾಗಿ ತೂಬಗೆರೆಯಿಂದ ನೆಲಮಂಗಲಕ್ಕೆ ಬಂದದ್ದೇ ದಿಬ್ಬಣದ ಬಸ್ಸಿನ ಕಿಟಕಿಯಾಚೆ ತಲೆ ಹಾಕಿಕೊಂಡು. "ಹೊಸಿಲು ತುಳಿಯಕ್ ಮುಂಚೇನೇ ದಾರಿಗೆಲ್ಲಾ ನೀರ್ ಹಾಕ್ಕೊಂಡ್ ಬಂದ್ಲು ನಮ್ಮವ್ಳು" ಎಂದು ಮಾವ ಕೊನೆಯ ತನಕ ರೇಗಿಸುತ್ತಿದ್ದರು. ಮಾಡದ ಮದ್ದಿಲ್ಲ. ನಿಂಬೆಹಣ್ಣು ಮೂಸುವುದು, ಅಡಿಕೆ ಚೂರನ್ನು ದವಡೆಗೆ ಒತ್ತಿಕೊಳ್ಳುವುದು, ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿಕೊಂಡು ಕೂರುವುದು. ಪೇಪರಿಗೂ ಹೊಟ್ಟೆಗೂ ಏನು ಸಂಬಂಧವೋ ದೇವರಿಗೇ ಗೊತ್ತು, ಆದರೆ ನಮ್ಮ ಕಡೆ ಅದನ್ನು ನಂಬದವರು ಯಾರೂ ಇಲ್ಲ. ನಾನೂ ನಂಬಿದ್ದೆ.

ತೂಬಗೆರೆಯಲ್ಲಿ ಅತ್ತೆಯ ಅಕ್ಕ ಇದ್ದಾರೆ, ಹನುಮಕ್ಕ ದೊಡ್ಡಮ್ಮ. ಅವರನ್ನು ಅದೇ ಊರಿಗೆ ಕೊಟ್ಟದ್ದು. ಅವರಿಗೆ ಮೊಣಕಾಲು ನೋವು, ಎಲ್ಲಿಗೂ ಬರುವ ಹಾಗಿಲ್ಲ. ಇವರಿಗೆ ಹೊಟ್ಟೆ, ಎಲ್ಲಿಗೂ ಹೋಗುವ ಹಾಗಿಲ್ಲ. ಹಿಂದೆಲ್ಲ ಅತ್ತೆ ಹಲ್ಲು ಕಚ್ಚಿಕೊಂಡು ವರ್ಷಕ್ಕೊಮ್ಮೆ ಹೋಗುತ್ತಿದ್ದರಂತೆ. ಹೋದರೆ ಏನು ಭಾಗ್ಯ? ಇಳಿದ ಕೂಡಲೇ ಮಲಗಿಬಿಡಬೇಕು, ಸಂಜೆ ಸ್ವಲ್ಪ ತಲೆ ಎತ್ತುವ ಹೊತ್ತಿಗೆ ವಾಪಸ್ಸು ಬಸ್ಸು. ಕೊನೆಗೆ ದೊಡ್ಡಮ್ಮನೇ, "ಬರೋದ್ ಬ್ಯಾಡ ಬಿಡೇ ಗಂಗೂ, ನಿನ್ ಸಂಕಟ ನನ್ ಕೈಲಿ ನೋಡಕ್ಕಾಗಲ್ಲ" ಅಂದುಬಿಟ್ಟರು. ಅಲ್ಲಿಂದ ಮುಂದೆ ಎಲ್ಲಾ ಫೋನಿನಲ್ಲೇ. ಇಬ್ಬರೂ ದಿನಾ ಮಾತಾಡುತ್ತಾರೆ. ಫೋನು ಇಟ್ಟ ಮೇಲೆ ಅತ್ತೆ ಹಳೇ ಕವರುಗಳನ್ನು ತೆಗೆದು ಮಡಚುತ್ತಾ ಕೂರುತ್ತಾರೆ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮದು ಹೈಬ್ರಿಡ್ ಕಾರು. ಅಂದರೆ ಪೆಟ್ರೋಲ್ ಇಂಜಿನ್ನೂ ಇದೆ, ದೊಡ್ಡದೊಂದು ಬ್ಯಾಟರಿಯೂ ಇದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ ಎರಡೂ ಸೇರಿ ಎಳೆಯುತ್ತವೆ. ಬೀದಿಯವರೆಲ್ಲ "ಚಾರ್ಜಿಗೆಲ್ಲಿ ಹಾಕ್ತೀಯಮ್ಮಾ?" ಎಂದು ಕೇಳಿ ಕೇಳಿ ಸುಸ್ತಾದರು. ಇದಕ್ಕೆ ಗೋಡೆಯ ಪ್ಲಗ್ಗೇ ಬೇಡ. ನಾವು ಬ್ರೇಕು ಒತ್ತಿದಾಗ, ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಉರುಳುವ ಚಕ್ರವೇ ಕರೆಂಟು ಹುಟ್ಟಿಸಿ ಹಿಂದಿನ ಸೀಟಿನಡಿ ಇರುವ ಬ್ಯಾಟರಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗಬೇಕಾದ ಓಟವನ್ನು ಹಿಡಿದಿಟ್ಟುಕೊಳ್ಳುವ ಈ ಬುದ್ಧಿಯನ್ನು ಮೊದಲ ಸಲ ತಿಳಿದ ದಿನ ನಾನು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ.

ಕಡಲೆಕಾಯಿ ಪೊಟ್ಟಣದ ಕಾಗದವನ್ನೂ ಓದದೆ ಬಿಸಾಡುವವಳಲ್ಲ ನಾನು. ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕವನ್ನು ಬಿಡುತ್ತೇನೆಯೇ? ದಾಬಸ್‌ಪೇಟೆಯ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ನನ್ನ ಕೆಲಸ. ಊಟದ ಬಿಡುವಿನಲ್ಲೆಲ್ಲ ಅದೇ ಪಾರಾಯಣ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಈ ಬ್ಯಾಟರಿ ಬಹಳ ಕಾಲ ಬಾಳಬೇಕಾದರೆ ಅರ್ಧ ನಮ್ಮ ಕಾಲಿನಲ್ಲಿದೆ. ಆಕ್ಸಿಲರೇಟರನ್ನು ಧಡಕ್ಕನೆ ತುಳಿದರೆ ಬ್ಯಾಟರಿ ಒಂದೇ ಉಸಿರಿಗೆ ತನ್ನಲ್ಲಿದ್ದದ್ದನ್ನೆಲ್ಲ ಸುರಿಯಬೇಕು, ಕಾವೇರುತ್ತದೆ, ದಣಿಯುತ್ತದೆ. ಗಕ್ಕನೆ ಬ್ರೇಕು ಹಾಕಿದರೆ ಬರಬೇಕಾದ ಕರೆಂಟಿನಲ್ಲಿ ಮುಕ್ಕಾಲು ಪಾಲು ಬ್ರೇಕಿನ ಬಿಸಿಯಾಗಿ ಹಾಳಾಗುತ್ತದೆ. ಮುಂದಿನ ಗಾಡಿಯನ್ನು ದೂರದಿಂದಲೇ ನೋಡಿಕೊಂಡು ಮೆಲ್ಲಗೆ, ಉದ್ದವಾಗಿ ಒತ್ತಬೇಕು. ಬಿಸಿಲಿನಲ್ಲಿ ನಿಲ್ಲಿಸಬಾರದು. ವಾರಗಟ್ಟಲೆ ಸುಮ್ಮನೆ ನಿಲ್ಲಿಸಲೂಬಾರದು, ನಿಂತಲ್ಲೇ ಸೊರಗುತ್ತದೆ. ನನಗೆ ಡೆಂಗಿ ಜ್ವರ ಬಂದಾಗ ಕಾರು ಹೊದಿಕೆಯೊಳಗೆ ಬೆಚ್ಚಗೆ ಮಲಗಿತ್ತು, ನಾನು ಹಾಸಿಗೆಯಿಂದಲೇ ಕೂಗಾಡಿ ಮನೆಯವರು ಅದನ್ನು ಒಂದು ಸುತ್ತು ಓಡಿಸಿಕೊಂಡು ಬರುವಂತೆ ಮಾಡಿದೆ. ಅತ್ತೆ ಕಾರಣ ಕೇಳಿ ತಿಳಿದುಕೊಂಡು, "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲ್ದು ಅನ್ನಲ್ವಾ, ಹಂಗೇ ಇದೂನೂ" ಅಂದರು. ಇಡೀ ಮನೆಯಲ್ಲಿ ನನ್ನ ಬ್ಯಾಟರಿ ಪುರಾಣವನ್ನು ಪೂರ್ತಿ ಕೇಳಿದವರು ಅವರೊಬ್ಬರೇ.

ಇನ್ನೊಂದು ಹುಚ್ಚು ಹೇಳಬೇಕು. ಕಾರು ನಿಲ್ಲಿಸಿದ ಕೂಡಲೇ ಪರದೆಯ ಮೇಲೆ ನೂರಕ್ಕೆ ಇಷ್ಟು ಎಂದು ಅಂಕ ಬರುತ್ತದೆ. ಚೆನ್ನಾಗಿ ಓಡಿಸಿದ್ದರೆ ಪಕ್ಕದಲ್ಲೊಂದು ಹಸಿರೆಲೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಗ್ರೇಸ್ ಮಾರ್ಕ್ಸಿನಿಂದ ದಡ ಹತ್ತಿದವಳಿಗೆ ದಿನಾ ಬೆಳಿಗ್ಗೆ ಒಂದು ಯಂತ್ರ ಶಹಬ್ಬಾಸ್ ಅನ್ನುತ್ತದೆ ಎಂದರೆ ಸಾಮಾನ್ಯವೇ? ಅಂಕ ಕಡಿಮೆ ಬಂದ ದಿನ ನನ್ನ ಮುಖ ನೋಡಿಯೇ ಆಫೀಸಿನಲ್ಲಿ ಹೇಳುತ್ತಾರೆ, ಮೇಡಂಗೆ ಇವತ್ತು ಎಲೆ ಬಂದಿಲ್ಲ ಅಂತ.

ನಮ್ಮ ಮನೆಯವರು, ಅಂದರೆ ನಾಗರಾಜ, ಇದಕ್ಕೆಲ್ಲ ತದ್ವಿರುದ್ಧ. ಅವರದು ನ್ಯೂಟ್ರಲ್ ಪಂಥ. ಇಳಿಜಾರು ಕಂಡರೆ ಸಾಕು, ಗೇರು ತೆಗೆದು ಗಾಡಿಯನ್ನು ಉರುಳಲು ಬಿಡುವುದು. ನಮ್ಮ ಮಾವ ಟೆಂಪೊ ಓಡಿಸುತ್ತಿದ್ದರು. "ಇಳ್ಜಾರ್ ಬಂತಾ, ಗೇರ್ ತೆಗ್ದ್‌ಬಿಡು, ಭೂಮ್ತಾಯೇ ಎಳ್ಕೊಂಡ್ ಹೋಗ್ತಾಳೆ" ಎಂಬುದು ಅವರು ಮಗನಿಗೆ ಕಲಿಸಿದ ಮೊದಲ ಪಾಠ. ಪೆಟ್ರೋಲು ಡೀಸೆಲ್ಲು ಉಳಿಸುವ ಈ ವಿದ್ಯೆ ಬಾರದ ಮನೆ ನಮ್ಮ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಆದರೆ ಹೈಬ್ರಿಡ್ ಕಾರಿಗೆ ಇದು ತಿರುಗುಮುರುಗು. ಇಳಿಜಾರೇ ಅದರ ಊಟದ ಹೊತ್ತು. ಆಗ ನ್ಯೂಟ್ರಲ್ ಹಾಕಿದರೆ ಎಲೆ ಹಾಕಿ ಕೂರಿಸಿ ಬಡಿಸದೆ ಎಬ್ಬಿಸಿದ ಹಾಗೆ, ಒಂದು ತೊಟ್ಟು ಕರೆಂಟೂ ಬ್ಯಾಟರಿಗೆ ಹೋಗುವುದಿಲ್ಲ. ಸಿಗ್ನಲ್ಲಿನಲ್ಲಿ ಎ.ಸಿ. ಹಾಕಿಕೊಂಡು ನ್ಯೂಟ್ರಲ್‌ನಲ್ಲಿ ನಿಂತರಂತೂ ಇದ್ದದ್ದೂ ಖಾಲಿ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. "ಪುಸ್ತಕ ಓದಿ ಗಾಡಿ ಓಡ್ಸೋ ಊರ್ ಯಾವ್ದಾದ್ರೂ ಐತಾ ಗುರೂ" ಎಂದು ಅವರು ಸ್ನೇಹಿತರಿಗೆ ಹೇಳಿಕೊಂಡು ನಕ್ಕರು.

ನ್ಯೂಟ್ರಲ್ ಸುಖ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ನಾನು ಬೆಳೆದದ್ದು ತ್ಯಾಮಗೊಂಡ್ಲಿನಲ್ಲಿ. ಅಪ್ಪ ಲೈನ್‌ಮನ್, ಒಂದು ಹಳೇ ಸ್ಕೂಟರ್ ಇತ್ತು. ಊರ ಹೊರಗಿನ ದಿಣ್ಣೆ ಹತ್ತಿದ ಮೇಲೆ ಅಪ್ಪ ಇಂಜಿನ್ ಆಫ್ ಮಾಡಿಬಿಡುತ್ತಿದ್ದ. ಆಹಾ, ಆ ನಿಶ್ಶಬ್ದ! ಮುಂದೆ ನಿಂತ ನಾನು, ಹಿಂದೆ ಅಮ್ಮ, ಅಮ್ಮನ ತೊಡೆಯ ಮೇಲೆ ತಮ್ಮ, ಎಲ್ಲರೂ ಉಸಿರು ಬಿಗಿಹಿಡಿದು ತೆಂಗಿನ ತೋಟಗಳ ಪಕ್ಕ ಗಾಳಿಯಲ್ಲಿ ತೇಲಿದ ಹಾಗೆ ಬರುತ್ತಿದ್ದೆವು. ಇಂಜಿನ್ ಹಾಕದೆ ಮನೆ ಬಾಗಿಲು ಮುಟ್ಟಬೇಕು, ಅದು ಪಂತ. ಹಿಟ್ಟಿನ ಗಿರಣಿಯ ಹತ್ತಿರ ವೇಗ ಸಾಯುತ್ತಿತ್ತು. ಆಗ ನಾವೆಲ್ಲ ಮುಂದಕ್ಕೆ ಬಾಗುವುದು, ಬಾಗಿದರೆ ಸ್ಕೂಟರು ಮುಂದೆ ಹೋಗುತ್ತದೆ ಎಂಬ ನಂಬಿಕೆಯಿಂದ. ಗಿರಣಿಯವನು "ತಳ್ಳಾನಾ ಸ್ವಾಮಿ?" ಎಂದು ಕೂಗಿದರೆ ಅಪ್ಪನಿಗೆ ಅವಮಾನ. ಒಂದೇ ಒಂದು ಸಲ ಬಾಗಿಲ ತನಕ ಬಂದೆವು, ಅವತ್ತು ಅಮ್ಮ ಪಾಯಸ ಮಾಡಿದಳು. ಹಾಗಾಗಿ ನ್ಯೂಟ್ರಲ್ ಎಂದರೆ ನನಗೂ ಬಾಯಲ್ಲಿ ನೀರೂರುತ್ತದೆ. ಆದರೆ ಕಾರಿಗೆ ಏನು ಒಗ್ಗುತ್ತದೋ ಅದನ್ನು ಮಾಡಬೇಕಲ್ಲ.

ನಮ್ಮ ಮನೆಯವರ ಹಠಕ್ಕೆ ಸ್ವಲ್ಪ ಬುದ್ಧಿ ಬಂದದ್ದು ಹಲಸಿನ ಹಣ್ಣಿನಿಂದ. ತೂಬಗೆರೆ ಹಲಸು ಅಂದರೆ ಸುಮ್ಮನೆ ಅಲ್ಲ. ತಂಗಿ ಬರುವುದು ನಿಂತ ಮೇಲೆ ದೊಡ್ಡಮ್ಮ ಪ್ರತಿ ವರ್ಷ ಹಲಸಿನ ಹಣ್ಣು ಕಳಿಸುತ್ತಾರೆ, ಹೋಗಿ ತರುವುದು ಇವರ ಕೆಲಸ. ಆ ಸಲ ಡಿಕ್ಕಿ ತುಂಬಿ ಮಿಕ್ಕದ್ದನ್ನು ಹಿಂದಿನ ಸೀಟಿಗೆ ಹೇರಿದ್ದಾರೆ. ಸೀಟು ಕೊಳೆಯಾಗದಿರಲೆಂದು ಕೆಳಗೆ ಗೋಣಿಚೀಲ, ಉರುಳದಿರಲೆಂದು ಸಂದಿಗೆಲ್ಲ ಒಣಹುಲ್ಲು. ರಾಜಘಟ್ಟದ ಹತ್ತಿರ ಬರುವಷ್ಟರಲ್ಲಿ ಪರದೆಯ ಮೇಲೆ ಕೆಂಪಗೆ ಏನೋ ಬಂತು. ಇವರು ಇಳಿದು, ವಂಶದ ಪದ್ಧತಿಯಂತೆ ಬಾನೆಟ್ ಎತ್ತಿ, ಬಾಟಲಿ ನೀರು ಹಿಡಿದು ನಿಂತರು. ಮುಂದೆ ಎಲ್ಲಾ ತಣ್ಣಗಿದೆ. ಸುತ್ತ ಜನ ಸೇರಿದರು, ಒಬ್ಬೊಬ್ಬರು ಒಂದೊಂದು ವೈದ್ಯ ಹೇಳಿದರು. ಕೊನೆಗೆ ನನಗೆ ಫೋನು.

"ಹಿಂದಿನ ಸೀಟಲ್ಲಿ ಏನಿಟ್ಟಿದ್ದೀರಾ?" ಅಂದೆ.

"ಹಣ್ಣು. ಕಾರ್ ಕೆಟ್ಟು ನಿಂತೈತೆ, ನಿನಗೆ ಹಣ್ಣಿನ್ ಚಿಂತೆನಾ?"

"ಸೀಟಿನ ಪಕ್ಕ ಒಂದು ಜಾಲರಿ ಇದೆಯಲ್ಲ, ಅದು ಬ್ಯಾಟರಿ ಉಸಿರಾಡೋ ಮೂಗು. ಅದರ ಮೇಲೇನಿದೆ ನೋಡಿ."

ಹಿಂದಿನ ಬಾಗಿಲು ತೆಗೆದ ಸದ್ದು ಕೇಳಿತು. ಆಮೇಲೆ ಮೆತ್ತಗೆ, "ಹುಲ್ಲು" ಅಂದರು. ಹುಲ್ಲು ಕಿತ್ತು, ಹಣ್ಣು ಇಳಿಸಿ, ನೆರಳಿನಲ್ಲಿ ನಿಲ್ಲಿಸಿದ ಮೇಲೆ ಬ್ಯಾಟರಿ ತಣ್ಣಗಾಗಿ ದೀಪ ಆರಿತು. ಬೇರೆ ಯಾವ ದೇಶದಲ್ಲಾದರೂ ಹೈಬ್ರಿಡ್ ಕಾರಿನ ಮೂಗಿಗೆ ರಾಗಿ ಹುಲ್ಲು ತುರುಕಿದ್ದಾರೆಯೇ, ನೀವೇ ಹೇಳಿ. ಇಳಿಸಿದ ಹಣ್ಣನ್ನು ವೈದ್ಯ ಹೇಳಿದವರಿಗೆಲ್ಲ ಹಂಚಿ ಬಂದರಂತೆ, ನನಗೆ ಉರಿದದ್ದು ಅದಕ್ಕೇ.

ಇಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆಯನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಬೇಕಾಯಿತು. ಇವರು ಊರಿನಲ್ಲಿರಲಿಲ್ಲ, ನಾನೇ ಓಡಿಸಿದೆ. ಅತ್ತೆ ಕವರು ಬಾಯಿಗೆ ಹಿಡಿದೇ ಕೂತರು. ನಾನು ನನ್ನ ಪಾಡಿಗೆ ಎಲೆಯ ಆಸೆಯಲ್ಲಿ ಮೆಲ್ಲಗೆ ಒತ್ತುತ್ತಾ, ಮೆಲ್ಲಗೆ ಬಿಡುತ್ತಾ ಹೋಗಿ ಬಂದೆ. ಮನೆ ಮುಂದೆ ನಿಲ್ಲಿಸಿದಾಗ, "ಯಾಕ್ ನಿಲ್ಲಿಸ್ದೆ?" ಅಂದರು. "ಮನೆ ಬಂತಲ್ಲ ಅತ್ತೆ." ಅವರು ಖಾಲಿ ಕವರನ್ನು ಒಂದು ಸಲ ನೋಡಿ, ಮತ್ತೆ ಮುಕ್ಕೋನವಾಗಿ ಮಡಚಿಕೊಂಡು ಒಳಗೆ ಹೋದರು.

ಸಂಜೆ ಅವರೆಕಾಯಿ ಸುಲಿಯುತ್ತಾ ಕೇಳಿದರು, "ಅಲ್ಲ ಸುಧಾ, ನೀನ್ ಓಡ್ಸಿದ್ರೆ ಗಾಡಿ ಯಾಕೆ ಎಗರಲ್ಲ?"

"ಬ್ಯಾಟರಿಗೆ ಒಳ್ಳೇದಲ್ಲ ಅಂತ ಮೆತ್ತಗೆ ಓಡಿಸ್ತೀನಿ ಅತ್ತೆ. ಧಡಕ್ ಅಂತ ಎಳೆದು ಗಕ್ ಅಂತ ನಿಲ್ಲಿಸಿದ್ರೆ ಅದಕ್ಕೆ ಆಯಸ್ಸು ಕಮ್ಮಿ."

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. "ಅಂದ್ರೆ ಬ್ಯಾಟ್ರಿಗ್ ಒಗ್ಗೋದೇ ನನ್ ಹೊಟ್ಟೆಗೂ ಒಗ್ಗುತ್ತೆ ಅನ್ನು."

ನಾನು ಎದ್ದು ನಿಂತುಬಿಟ್ಟೆ. ಪುಸ್ತಕ ಪೂರ್ತಿ ಓದಿದವಳಿಗೆ ಇದು ಹೊಳೆದಿರಲಿಲ್ಲ. ಅವರ ಹೊಟ್ಟೆ ಕೆಟ್ಟದ್ದಲ್ಲ, ಇಷ್ಟು ಕಾಲ ಅವರು ಕೂತದ್ದೆಲ್ಲ ಎಗರುವ ಗಾಡಿ. "ತೂಬಗೆರೆಗೆ ಹೋಗೋಣ ಅತ್ತೆ, ನಾಳೇನೇ ಹೋಗೋಣ" ಎಂದು ನಾನು ಕುಣಿದೆ. ಅವರು ಮೊರದಲ್ಲಿದ್ದ ಕಾಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದರು. "ಇದೊಂದ್ಸಲ ನೋಡ್ತೀನಿ. ಇದ್ರಲ್ಲೂ ಆಯ್ತು ಅಂದ್ರೆ ಇನ್ ನನ್ನ ಕರೀಬ್ಯಾಡಿ. ಅಕ್ಕನ್ ಮಾತು ಫೋನಲ್ಲೇ ಸಾಕು ಅನ್ಕೋತೀನಿ." ಅವರು ಹಾಗೆಲ್ಲ ಮಾತು ಕೊಟ್ಟು ತಪ್ಪುವವರಲ್ಲ. ನಾನು ಒಂದು ಸಲ ತಪ್ಪಾಗಿ ಬ್ರೇಕು ಒತ್ತಿದರೆ ಅಕ್ಕತಂಗಿಯರ ಭೇಟಿ ಅಲ್ಲಿಗೆ ಮುಗಿದ ಹಾಗೆ.

ಒಂದು ದಿನ ರಜೆ ಹಾಕಿ ಒಬ್ಬಳೇ ತೂಬಗೆರೆಯ ಹತ್ತಿರದ ತನಕ ಹೋಗಿ, ರಸ್ತೆಯಲ್ಲಿ ಎಲ್ಲೆಲ್ಲಿ ಹಂಪುಗಳಿವೆ, ಯಾವುದಕ್ಕೆ ಬಿಳಿ ಬಣ್ಣ ಬಳಿದಿಲ್ಲ ಎಂದು ನೋಡಿಕೊಂಡು ಬಂದೆ. "ಪರೀಕ್ಷೆಗೆ ಮುಂಚೆ ಹಾಲ್ ನೋಡ್ಕೊಂಡ್ ಬಂದಂಗಾಯ್ತು" ಎಂದು ಇವರು ನಕ್ಕರು. ಹೊರಡುವ ಬೆಳಿಗ್ಗೆ ಮಾತ್ರ ಕಾರಿನ ಕೀ ಇವರ ಕೈಯಲ್ಲೇ ಇತ್ತು. "ಅಷ್ಟು ದೂರ ನಾನೇ ಓಡಿಸ್ತೀನಿ" ಅಂದರು.

"ನೀನ್ ಓಡ್ಸಿದ್ರೆ ನಾನ್ ಬರಲ್ಲ ಕಣೋ ನಾಗಾ," ಅಂದರು ಅತ್ತೆ. "ನಿಮ್ಮಪ್ಪ ತುಳಿದಂಗೇ ತುಳೀತೀಯ. ಹಿಂದೆ ಕೂತ್ಕೋ."

ಇವರು ಕೀ ಕೊಟ್ಟು, ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆ ಜಾಲರಿಯಿಂದ ದೂರ ಸರಿದು ಕೂತರು. ಅತ್ತೆ ಮುಂದಿನ ಸೀಟಿಗೆ ಪೇಪರ್ ಹಾಸಿ, ಬಾಗಿಲಿನ ಖಾನೆಗೆ ಕವರಿನ ಕಟ್ಟು ತುರುಕಿ, ಒಂದನ್ನು ಕೈಯಲ್ಲಿ ಹಿಡಿದು, ನಿಂಬೆಹಣ್ಣು ಮೂಗಿಗೆ ಒತ್ತಿಕೊಂಡರು. ಕಾರು ಕದಲಿದ್ದೇ ಕಣ್ಣು ಮುಚ್ಚಿಬಿಟ್ಟರು. ಗಾಡಿ ಹತ್ತಿದರೆ ಅವರು ಯಾವಾಗಲೂ ಹೀಗೇ ಅಂತೆ, ಓಡುವ ಮರ ನೋಡಿದರೆ ತಲೆ ತಿರುಗುತ್ತದೆ ಎಂದು. ಈ ಸಂಗತಿ ನನಗೆ ಗೊತ್ತಾದದ್ದು ಅವತ್ತೇ.

ಮೊದಲು ಪರದೆಯಲ್ಲಿ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಪಟ್ಟಿಯ ಮೇಲೊಂದು ಕಣ್ಣಿಟ್ಟಿದ್ದೆ. ದಾರಿಯಲ್ಲಿ ಮಧುರೆ ಎಂಬ ಊರು ಬರುವಷ್ಟರಲ್ಲಿ ಅದನ್ನು ಮರೆತು ಅತ್ತೆಯ ಗಂಟಲನ್ನು ನೋಡತೊಡಗಿದೆ. ಅವರು ಉಗುಳು ನುಂಗಿದರೆ ನನ್ನ ಕಾಲು ತಾನಾಗಿ ಹಗುರವಾಗುತ್ತಿತ್ತು. ಹಿಂದಿನ ಖಾಸಗಿ ಬಸ್ಸು ಹಾರ್ನ್ ಮಾಡಿತು, ಮಾಡಿಕೊಳ್ಳಲಿ. ಹಂಪುಗಳ ಮೇಲೆ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಇಳಿಸಿದೆ. ಇವರು ಹಿಂದಿನಿಂದ, "ಇಳ್ಜಾರು ಬಂತು, ಗೇರಲ್ಲೇ ಇರ್ಲಿ" ಎಂದು ಪಿಸುಗುಟ್ಟಿದರು. ನಗು ಬಂತು, ಆದರೆ ನಕ್ಕರೆ ಕಾಲು ಅಲ್ಲಾಡುತ್ತದೆ ಎಂದು ತಡೆದುಕೊಂಡೆ.

ದೊಡ್ಡಬಳ್ಳಾಪುರದ ಪೇಟೆಯೊಳಗೆ ಅದೃಷ್ಟ ಕೈ ಕೊಟ್ಟಿತು ನೋಡಿ. ಸಂದಿಯಿಂದ ಬೈಕೊಂದು ಸೀದಾ ಮುಂದೆ ನುಗ್ಗಿತು. ಒತ್ತಲೇಬೇಕಾಯಿತು, ಗಕ್ಕನೆ. ಎಲ್ಲರೂ ಮುಂದಕ್ಕೆ ಜೋಲಿ ಹೊಡೆದೆವು. ಅತ್ತೆ ಕವರನ್ನು ಬಾಯಿಗೆ ತಂದರು. ನಾನು ಪಕ್ಕಕ್ಕೆ ನಿಲ್ಲಿಸಿದೆ. ಎಲ್ಲಾ ಹೋಯಿತು ಎಂದುಕೊಂಡೆ, ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅತ್ತೆ ಉದ್ದಕ್ಕೆ ಉಸಿರೆಳೆದುಕೊಂಡರು, ಇನ್ನೊಂದು ಸಲ ಎಳೆದುಕೊಂಡರು. ಆಮೇಲೆ ಜೋರಾಗಿ ಒಂದು ತೇಗು. ಕವರು ಕೆಳಗಿಳಿಸಿ ಕಣ್ಣು ಬಿಟ್ಟರು.

ಪಕ್ಕದ ಕಟ್ಟಡದಿಂದ ಮಗ್ಗಗಳ ಟಕಟಕ ಕೇಳುತ್ತಿತ್ತು. "ಈ ಸದ್ದು ದೊಡ್ಡಬಳ್ಳಾಪುರದ್ದಲ್ವಾ? ಅದು ಬಂತು ಅಂದ್ರೆ ಅರ್ಧ ದಾರಿ ಮೀರ್ತು ಅನ್ಕೋತಿದ್ದೆ. ಊರು ಇಷ್ಟ್ ದೊಡ್ಡದಾ?" ಎಂದು ಕತ್ತು ತಿರುಗಿಸಿ ತಿರುಗಿಸಿ ನೋಡಿದರು. "ನಡಿ ನಡಿ, ಯಾಕ್ ನಿಂತೆ?"

ಆಮೇಲೆ ಅವರು ಕಣ್ಣು ಮುಚ್ಚಲಿಲ್ಲ. ಅಯ್ಯೋ, ಆ ಸಂಭ್ರಮವನ್ನು ಹೇಗೆ ಹೇಳಲಿ. ಬಲೆ ಹೊದಿಸಿದ ದ್ರಾಕ್ಷಿ ತೋಟ ಕಂಡರೆ ಅದ್ಯಾಕೆ ಬಲೆ ಅನ್ನುವುದು, ಕೆರೆ ಕಂಡರೆ ಯಾವೂರ ಕೆರೆ ಅನ್ನುವುದು, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳನ್ನು ಕಂಡು ಇದರೊಳಗೆ ಯಾರು ವಾಸ ಅನ್ನುವುದು. ನಮಗೂ ಗೊತ್ತಿಲ್ಲದ್ದಕ್ಕೆ ಇವರು ಹಿಂದಿನಿಂದ ಬಾಯಿಗೆ ಬಂದ ಉತ್ತರ ಕೊಟ್ಟರು. ಒಂದು ತಿರುವಿನಲ್ಲಿ ನಂದಿ ಬೆಟ್ಟ ಕಂಡಾಗ ಅತ್ತೆ ನನ್ನ ತೋಳು ಹಿಡಿದರು. "ಏ ಸುಧಾ, ಅದು ನಮ್ ಬೆಟ್ಟ ಕಣೆ. ನಮ್ಮನೆ ಹಿತ್ಲಿಂದ ಕಾಣೋದು. ಇಷ್ಟ್ ದೂರದಿಂದ್ಲೇ ಕಾಣುತ್ತಾ?" ತೋಳು ಬಿಡದೇ ಕೂತರು. ನಾನು ಒಂದೇ ಕೈಯಲ್ಲಿ ಓಡಿಸಿದೆ, ಪುಸ್ತಕದಲ್ಲಿ ಅದು ತಪ್ಪು.

ತೂಬಗೆರೆಯಲ್ಲಿ ಮನೆ ಮುಂದೆ ಕಾರು ನಿಂತಾಗ ಎಷ್ಟು ಅಂಕ ಬಂತೋ, ಎಲೆ ಬಂತೋ ಇಲ್ಲವೋ, ನಾನು ನೋಡಲಿಲ್ಲ. ಹನುಮಕ್ಕ ದೊಡ್ಡಮ್ಮ ಜಗಲಿಯ ಮೇಲೆ ಕೋಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಚಾಪೆ ಹಾಸಿ, ದಿಂಬು ಇಟ್ಟು, ಹಣೆಗೆ ಹಾಕಲು ಒದ್ದೆ ಬಟ್ಟೆಯನ್ನೂ ಹಿಂಡಿ ಇಟ್ಟಿದ್ದರು. "ಬಾರೇ ಗಂಗೂ, ಬಾ, ಮಲಿಕೋ ಮೊದ್ಲು" ಎಂದು ಅವರು ಕೈ ಚಾಚಿದರೆ, ಅತ್ತೆ ಸೀದಾ ಮೆಟ್ಟಿಲು ಹತ್ತಿ ಹೋಗಿ ಆ ಕೈ ಹಿಡಿದುಕೊಂಡು, "ಚಾಪೆ ಎತ್ತಕ್ಕಾ. ಹೊಟ್ಟೆ ಹಸೀತೈತೆ, ಏನ್ ಮಾಡಿದ್ದೀಯ?" ಅಂದರು. ದೊಡ್ಡಮ್ಮ ಕೋಲನ್ನು ಗೋಡೆಗೆ ಒರಗಿಸಿದರು. ತಂಗಿಯ ಕೆನ್ನೆ ಮುಟ್ಟಿದರು, ಹಣೆ ಮುಟ್ಟಿದರು, ಒದ್ದೆ ಬಟ್ಟೆಯಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು.

ಮುದ್ದೆಯೂ ಹುರುಳಿಕಾಳಿನ ಬಸ್ಸಾರೂ ಇತ್ತು. ತಂಗಿ ಎರಡನೇ ಮುದ್ದೆ ಮುರಿಯುವುದನ್ನು ದೊಡ್ಡಮ್ಮ ಎದುರಿಗೆ ಕೂತು ನೋಡುತ್ತಲೇ ಇದ್ದರು. ಅತ್ತೆಗೆ ಬಾಯಿ ನಿಲ್ಲಲಿಲ್ಲ. ದ್ರಾಕ್ಷಿ ತೋಟ ಆಯಿತು, ಕೆರೆ ಆಯಿತು, ಕೆರೆಯ ಕೊಕ್ಕರೆ ಆಯಿತು, ದೊಡ್ಡಬಳ್ಳಾಪುರದ ಅಂಗಡಿ ಸಾಲು ಆಯಿತು. ದೊಡ್ಡಮ್ಮ ಕೇಳಿ ಕೇಳಿ ಕೊನೆಗೆ ನಕ್ಕುಬಿಟ್ಟರು.

"ಇದೇನೇ ಹೊಸದಾಗ್ ಹೇಳ್ತೀಯ? ಮದುವೆ ಆದಾಗಿಂದ ಇದೇ ದಾರೀಲಿ ತಾನೇ ಓಡಾಡಿದ್ದು ನೀನು?"

"ಓಡಾಡಿದ್ದೆ ಕಣಕ್ಕಾ," ಅಂದರು ಅತ್ತೆ. "ನೋಡಿದ್ದು ಇವತ್ತೇ."